ಮಂಗಳವಾರವೇ ಮುರಿಯುತ್ತಿದ್ದ ಬ್ಲೇಡು

ಮೂರನೆಯ ಬ್ಲೇಡು ಮುರಿದಾಗ ಬಂದ ಸದ್ದಿಗೆ, ಕಂಬದ ಮೇಲಿನ ಫ್ಯೂಸ್ ಹೋಯಿತೆಂದೇ ನಾನು ತಿಳಿದೆ. ಆದರೆ ಕರೆಂಟಿತ್ತು, ಮೋಟಾರು ತಿರುಗುತ್ತಲೇ ಇತ್ತು. ಮೇಜಿನ ಆಚೆ ಬದಿಯಲ್ಲಿ ನಿಂತು ಕೊಯ್ದ ತುಂಡುಗಳನ್ನು ಎಳೆದುಕೊಳ್ಳುತ್ತಿದ್ದ ನನ್ನ ಜೊತೆಗಾತಿ ತನ್ನ ಎಡಗೈಯನ್ನೇ ನೋಡುತ್ತ ನಿಂತಿದ್ದಳು. ಮಣಿಕಟ್ಟಿನಿಂದ ಮೊಣಕೈ ಕಡೆಗೆ ಒಂದು ಬಿಳಿ ಗೆರೆ ಎಳೆದಂತಿತ್ತು. ನೋಡನೋಡುತ್ತ ಅದು ಕೆಂಪಾಯಿತು. ಅವಳು ಕೂಗಲಿಲ್ಲ.

"ಅಕ್ಕಾ, ಮೆಶೀನ್ ಆಫ್ ಮಾಡ್ರಿ" ಅಂದಳು.

ಗಾಯವಾದವಳು ಹೇಳಿದ ಮೇಲೆ ನನಗೆ ಸ್ವಿಚ್ಚು ನೆನಪಾಯಿತು. ಅಂಗಳದಲ್ಲಿದ್ದ ಮಾವ ಹೆಗಲ ಮೇಲಿನ ವಲ್ಲಿ ಕಿತ್ತುಕೊಂಡು ಓಡಿ ಬಂದು ಅವಳ ಕೈಗೆ ಬಿಗಿಯಾಗಿ ಸುತ್ತಿದರು. ಪಕ್ಕದ ಮನೆಯ ಆಟೋದಲ್ಲಿ ಅವಳನ್ನು ಹೊಸದುರ್ಗದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಒಂಬತ್ತು ಹೊಲಿಗೆ ಬಿದ್ದವು. ನರಕ್ಕೆ ತಾಗಿಲ್ಲ, ಒಂದು ಬೆರಳಿನಷ್ಟು ಆಚೆ ಹೋಗಿದ್ದರೆ ಕೈ ಮಡಚಲು ಆಗುತ್ತಿರಲಿಲ್ಲ ಎಂದರು ಡಾಕ್ಟರು. ಮಾವ ಆ ಮಾತು ಕೇಳಿ ಗೋಡೆಗೆ ಒರಗಿ ಕುಳಿತರು.

ವಾಪಸು ಬರುವಾಗ ಆಟೋದಲ್ಲಿ ಅವಳು ಒಂದೇ ಮಾತು ಹೇಳಿದಳು. "ಯಾಕ್ ಮುರೀತು ಅಂತ ಗೊತ್ತಾಗೋ ತನಕ ನಾ ಆ ಮೆಶೀನ್ ಹತ್ರ ಬರಲ್ಲ ಅಕ್ಕಾ. ನೀವೂ ನಿಲ್ಲಬ್ಯಾಡ್ರಿ."

ಅವಳು ಇಲ್ಲದೆ ನನ್ನ ಕೆಲಸವಿಲ್ಲ. ಮತ್ತೋಡಿನ ನಮ್ಮ ಮನೆಯ ಹಿಂದಿನ ಎತ್ತಿನ ಕೊಟ್ಟಿಗೆಯಲ್ಲಿ ನಾವಿಬ್ಬರೂ ಕಂಬಳಿ ಮಗ್ಗಗಳಿಗೆ ಲಾಳಿ ಮಾಡುತ್ತೇವೆ. ಕುರಿಯ ಉಣ್ಣೆಯ ನೂಲನ್ನು ಹೊತ್ತು ಮಗ್ಗದ ಈ ಕಡೆಯಿಂದ ಆ ಕಡೆಗೆ ಓಡುವ ಮರದ ತುಂಡೇ ಲಾಳಿ. ಅವಳದು ಕುರಿ ಸಾಕಿ ಕಂಬಳಿ ನೇಯುವ ಮನೆ. ಲಾಳಿ ಎಲ್ಲಿ ಉಬ್ಬಬೇಕು, ಎಲ್ಲಿ ಬಳುಕಬೇಕು ಎಂದು ಅವಳ ಕೈಗೆ ಗೊತ್ತು. ಹುಣಸೆ ಮರದ ಒಳಗಿನ ಗಟ್ಟಿ ಚೇಗಿನಲ್ಲಿ ಆ ಬಳುಕನ್ನು ಕೊಯ್ದು ತೆಗೆಯುವುದು ನನ್ನ ಪಾಲಿನ ಕೆಲಸ. ಅದಕ್ಕೆ ತಂದದ್ದು ಈ ಬ್ಯಾಂಡ್‌ಸಾ: ಮೇಲೊಂದು ಕೆಳಗೊಂದು ಚಕ್ರ, ಎರಡನ್ನೂ ಬಳಸಿ ಓಡುವ ಹಲ್ಲಿನ ಉಕ್ಕಿನ ಪಟ್ಟಿ. ಆ ಪಟ್ಟಿಯೇ ಬ್ಲೇಡು. ಮೇಲಿನ ಚಕ್ರವನ್ನು ಒಂದು ಹಿಡಿಕೆ ತಿರುವಿ ಎತ್ತಿದರೆ ಬ್ಲೇಡು ಬಿಗಿಯಾಗುತ್ತದೆ. ಚಕ್ರದ ಕೆಳಗೊಂದು ದಪ್ಪ ಸ್ಪ್ರಿಂಗ್ ಇದೆ, ಅದು ಎಷ್ಟು ಕುಗ್ಗಿತೆಂದು ತೋರಿಸಲು ಒಂದು ಕೆಂಪು ಮುಳ್ಳು.

ಎತ್ತುಗಳನ್ನು ಮಾರಿದ ಮೇಲೆ ಕೊಟ್ಟಿಗೆಯನ್ನು ನನಗೆ ಬಿಟ್ಟುಕೊಟ್ಟವರು ಮಾವನೇ. ಒಂದು ಮೂಲೆಯಲ್ಲಿ ಅವರ ರಾಗಿ ಚೀಲ ಮತ್ತು ಸೇರು ಇದ್ದವು, ಉಳಿದದ್ದೆಲ್ಲ ನನ್ನದು. ಅವರು ಹಾಕಿದ್ದು ಒಂದೇ ಕರಾರು. "ಸೋಮವಾರ ಆ ಜಾಗದಾಗೆ ದುಡಿಮೆ ಬ್ಯಾಡವ್ವ. ಎತ್ತಿದ್ದಾಗ್ಲೂ ಸೋಮವಾರ ನೊಗ ಹೂಡಿಲ್ಲ." ನನಗೇನೂ ಕಷ್ಟವಿರಲಿಲ್ಲ. ಸೋಮವಾರ ಬೆಳಗಿನ ಬಸ್ಸಿಗೆ ಹೊಸದುರ್ಗಕ್ಕೆ ಹೋಗಿ ಲಾಳಿ ಕೊಟ್ಟು, ಮರ ನೋಡಿ, ಸಂಜೆ ಬರುವುದನ್ನು ರೂಢಿ ಮಾಡಿಕೊಂಡೆ.

ಇನ್ನು ನನ್ನ ಸಿಟ್ಟಿನ ವಿಷಯ. ಅದು ಮೂಗಿನ ತುದಿಯಲ್ಲೇ ಇರುತ್ತದೆ, ನಾಲಿಗೆಗೆ ಇಳಿಯಲು ಹೆಚ್ಚು ಹೊತ್ತು ಬೇಡ. ಆಸ್ಪತ್ರೆಯಿಂದ ಬಂದ ರಾತ್ರಿ ನಿದ್ದೆ ಬರಲಿಲ್ಲ. ಬೆಳಗಾಗುವಷ್ಟರಲ್ಲಿ ತಪ್ಪು ಯಾರದೆಂದು ನಾನು ತೀರ್ಮಾನ ಮಾಡಿಯಾಗಿತ್ತು. ನಮ್ಮ ಬ್ಲೇಡು ಸಿದ್ಧವಾಗಿ ಬರುವುದಲ್ಲ. ಚಿತ್ರದುರ್ಗದಲ್ಲಿ ಒಬ್ಬ ಹಿರಿಯರು ಸುರುಳಿಯಿಂದ ಅಳತೆಗೆ ಕತ್ತರಿಸಿ, ಎರಡು ತುದಿ ಸೇರಿಸಿ ಬೆಸುಗೆ ಹಾಕಿ ಕೊಡುತ್ತಾರೆ. ಮೂರು ಬ್ಲೇಡು ಅವರವೇ, ಮೂರೂ ತಿಂಗಳಿಗೊಂದರಂತೆ ಹೋದವು. ಬೆಸುಗೆಯೇ ಕಳ್ಳ ಬೆಸುಗೆ, ಇನ್ನೇನು?

ಮುರಿದ ಮೂರನ್ನೂ ಚೀಲಕ್ಕೆ ತುರುಕಿಕೊಂಡು ಹೊಳಲ್ಕೆರೆ ಮೇಲಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಏನೇನು ಅನ್ನಬೇಕೆಂದು ಮನಸ್ಸಿನಲ್ಲೇ ಸಾಲು ಹಚ್ಚಿದೆ. ಅಂಗಡಿಗೆ ಕಾಲಿಟ್ಟವಳೇ ಚೀಲವನ್ನು ಅವರ ಮುಂದೆ ಬೋರಲು ಹಾಕಿ, ಹಚ್ಚಿದ ಸಾಲಿನಲ್ಲಿ ಒಂದನ್ನೂ ಬಿಡದೆ ಅಂದುಬಿಟ್ಟೆ. ಹೊಲಿಗೆ ಬಿದ್ದ ಕೈಯ ಲೆಕ್ಕವನ್ನೂ ಅವರ ತಲೆಗೇ ಕಟ್ಟಿದೆ. ಅಂಗಡಿಗೆ ಬಂದಿದ್ದ ಇಬ್ಬರು ಮೆಲ್ಲಗೆ ಹೊರಗೆ ಹೋಗಿ ನಿಂತರು.

ಅವರು ಎಲ್ಲ ಕೇಳಿಸಿಕೊಂಡರು. ಕನ್ನಡಕ ಒರೆಸಿ ಹಾಕಿಕೊಂಡು ಮೊದಲನೆಯ ಬ್ಲೇಡನ್ನು ಕೈಗೆ ತೆಗೆದುಕೊಂಡರು.

"ಕುಂತ್ಕಳ್ರಿ ಅಮ್ಮಾ. ನಾನು ಬೆಸುಗೆ ಹಾಕಿದ್ದು ಎಲ್ಲೈತೆ, ತೋರಿಸ್ರಿ."

ನಾನು ಮುರಿದ ತುದಿಯನ್ನು ತೋರಿಸಿದೆ.

"ಅಲ್ಲ. ಇಲ್ಲಿ ನೋಡ್ರಿ." ಮುರಿದ ತುದಿಯಿಂದ ಗೇಣುದ್ದ ದೂರದಲ್ಲಿ ಅವರು ಉಗುರು ಇಟ್ಟರು. ಉಜ್ಜಿ ನಯ ಮಾಡಿದ, ತುಸು ನೀಲಿಗಟ್ಟಿದ ಒಂದು ಅಡ್ಡಗೆರೆ. "ಇದು ನನ್ನ ಬೆಸುಗೆ. ಗಟ್ಟಿ ಐತೆ. ಮುರಿದಿರೋದು ಬರೀ ಪಟ್ಟಿ."

ಎರಡನೆಯದೂ ಹಾಗೆಯೇ. ಮೂರನೆಯದರಲ್ಲಂತೂ ಬೆಸುಗೆ ಒಂದು ಮಾರು ಆಚೆಗಿತ್ತು. ಮೂರು ಬ್ಲೇಡು ಮುರಿದಿದ್ದವು, ಎಲ್ಲಿ ಮುರಿದವು ಎಂದು ನಾನು ಒಂದನ್ನೂ ನೋಡಿರಲಿಲ್ಲ. ನೋಡದೆಯೇ ಇಷ್ಟು ದೂರ ಬಂದು, ನಾಲ್ಕು ಜನರ ಮುಂದೆ ಒಬ್ಬ ಹಿರಿಯರ ಮಾನ ಕಳೆದಿದ್ದೆ. ಕ್ಷಮೆ ಕೇಳಲು ಬಾಯಿ ತೆರೆದರೆ ಮಾತೇ ಹೊರಡಲಿಲ್ಲ. ಅವರೇ ಚಹಾ ತರಿಸಿದರು.

"ಕೈಗೆ ಬಿದ್ದ ಪೆಟ್ಟು ನೋಡಿ ಬಂದೀರಿ. ಸಿಟ್ಟು ಬರ್ತದೆ" ಅಂದರು. ಆಮೇಲೆ ಕೇಳಿದರು, "ಬ್ಲೇಡ್ ಎಷ್ಟು ಬಿಗಿ ಇಡ್ತೀರಿ?"

"ಮುಳ್ಳು ನೋಡಿ ಇಡ್ತೀನಿ."

"ಮುಳ್ಳು ಹೇಳೋದು ಸ್ಪ್ರಿಂಗ್ ಸುದ್ದಿ. ಬ್ಲೇಡ್ ಸುದ್ದಿ ಬ್ಲೇಡನ್ನೇ ಕೇಳ್ಬೇಕು."

ಹೇಗೆ ಕೇಳುವುದೆಂದು ತಮ್ಮ ಯಂತ್ರದ ಮೇಲೆಯೇ ತೋರಿಸಿದರು. ಬ್ಲೇಡು ನೆಟ್ಟಗೆ ನಿಲ್ಲುವಷ್ಟು ಮಾತ್ರ ಬಿಗಿದು, ಒಂದು ಉದ್ದನೆಯ ಕ್ಯಾಲಿಪರ್‌ನ ಎರಡು ದವಡೆಗಳನ್ನು ಇನ್ನೂರು ಮಿಲಿಮೀಟರ್ ಅಂತರದಲ್ಲಿ ಪುಟ್ಟ ಕ್ಲಾಂಪುಗಳಿಂದ ಬ್ಲೇಡಿಗೇ ಕಚ್ಚಿಸಿದರು. ಕ್ಯಾಲಿಪರ್‌ನ ಸ್ಕ್ರೂ ಸಡಿಲಿಸಿ, ಪರದೆಯ ಅಂಕಿಯನ್ನು ಸೊನ್ನೆಗೆ ತಂದರು. ಆಮೇಲೆ ಹಿಡಿಕೆ ತಿರುವಿದರು. ಸೊನ್ನೆ ಹೋಗಿ ಎರಡಾಯಿತು, ಐದಾಯಿತು. ಮಿಲಿಮೀಟರನ್ನು ನೂರು ಪಾಲು ಮಾಡಿದರೆ ಅಂಥ ಐದು ಪಾಲು.

ನಾನು ಎದ್ದು ನಿಂತೆ. "ಉಕ್ಕು ಹಿಗ್ತಾ ಐತಾ ಸಾಹೇಬ್ರೆ?"

"ಮತ್ತೆ? ಹಿಗ್ಗದೆ ಬಿಗಿ ಎಲ್ಲಿಂದ ಬರ್ಬೇಕು?"

ಹತ್ತಕ್ಕೆ ಬಂದಾಗ ಕೈ ನಿಲ್ಲಿಸಿದರು. ಒಂದು ತಲೆಗೂದಲಿನ ದಪ್ಪ. ಇನ್ನೂರು ಮಿಲಿಮೀಟರ್ ಪಟ್ಟಿ ಅಷ್ಟು ಹಿಗ್ಗಿದರೆ ನನ್ನಂಥ ಸಾದಾ ಬ್ಲೇಡಿಗೆ ಸರಿಯಾದ ಬಿಗಿ. ಐದಕ್ಕೇ ನಿಲ್ಲಿಸಿದರೆ ಬ್ಲೇಡು ಅತ್ತಿತ್ತ ಅಲೆಯುತ್ತದೆ, ಗೆರೆ ಬಿಟ್ಟು ಕೊಯ್ಯುತ್ತದೆ. ಇಪ್ಪತ್ತು ದಾಟಿಸಿದರೆ ಚಕ್ರದ ಮೇಲೆ ಬಾಗಿ ಬಾಗಿ ಸುಸ್ತಾಗಿ ಒಂದು ದಿನ ಮುರಿಯುತ್ತದೆ. ಈಗಾಗಲೇ ಬಿಗಿದಿರುವ ಬ್ಲೇಡು ಎಷ್ಟು ಬಿಗಿಯಿದೆ ಎಂದು ತಿಳಿಯಬೇಕಾದರೆ ಇದನ್ನೇ ತಿರುಗುಮುರುಗು ಮಾಡಬೇಕು. ಬಿಗಿಯಿರುವಾಗಲೇ ಕ್ಯಾಲಿಪರ್ ಕಚ್ಚಿಸಿ ಸೊನ್ನೆ ಮಾಡಿ, ಹಿಡಿಕೆ ಬಿಚ್ಚುತ್ತ ಹೋದರೆ ಅದು ಎಷ್ಟು ಕುಗ್ಗುತ್ತದೋ ಅಷ್ಟು ಹಿಗ್ಗಿತ್ತು ಎಂದರ್ಥ. ನಾನು ಇಷ್ಟು ದಿನ ಎದೆಯ ಮುಂದೆ ನಿಲ್ಲಿಸಿಕೊಂಡು ಮರ ಕೊಯ್ದ ವಸ್ತು ಎಷ್ಟು ಎಳೆತದಲ್ಲಿತ್ತು ಎಂಬುದು ನನಗೆ ಗೊತ್ತೇ ಇರಲಿಲ್ಲ.

ಹೊಸ ಬ್ಲೇಡು ಕೊಟ್ಟರು, ಕ್ಯಾಲಿಪರನ್ನೂ ಕೊಟ್ಟರು. "ಕಾರಣ ಸಿಕ್ಕ ಮೇಲೆ ವಾಪಸ್ ತಂದ್ಕೊಡ್ರಿ" ಅಂದರು.

ಮರುದಿನ, ಗುರುವಾರ, ನಾನೊಬ್ಬಳೇ ಹೊಸ ಬ್ಲೇಡನ್ನು ಹತ್ತಕ್ಕೆ ಬಿಗಿದು ಕೆಂಪು ಮುಳ್ಳನ್ನು ನೋಡಿದೆ. ಅದು ನಾನು ಯಾವಾಗಲೂ ಇಡುತ್ತಿದ್ದ ಗೆರೆಯ ಹತ್ತಿರವೇ ನಿಂತಿತ್ತು. ಇದೇನು ಗ್ರಹಚಾರ! ನಾನು ಅತಿಯಾಗಿ ಬಿಗಿಯುತ್ತಿದ್ದೆನೆಂದು ಸಿಕ್ಕಿದ್ದರೆ ಅಲ್ಲಿಗೆ ಕಥೆ ಮುಗಿಯುತ್ತಿತ್ತು, ತಪ್ಪು ನನ್ನದಾಗಿ ಮನಸ್ಸಾದರೂ ಹಗುರಾಗುತ್ತಿತ್ತು. ನನ್ನ ಗುರುತು ಸರಿಯಾಗಿತ್ತು. ಹಾಗಾದರೆ ಮೂರು ಬ್ಲೇಡು ಯಾಕೆ ಮುರಿದವು?

ಒಂದು ತಪ್ಪಂತೂ ನನ್ನದೇ ಇತ್ತು. ಬ್ಲೇಡನ್ನು ಮೇಲಿನಿಂದ ಮುಚ್ಚುವ ಗೈಡನ್ನು ಮರದ ಮೈಗೆ ಹತ್ತಿರ ಇಳಿಸಬೇಕು. ಆ ದಿನ ಸೋಮಾರಿತನದಿಂದ ಗೇಣೆತ್ತರಕ್ಕೆ ಬಿಟ್ಟಿದ್ದೆ. ಮುಚ್ಚಿಲ್ಲದ ಆ ಗೇಣುದ್ದ ಬ್ಲೇಡೇ ಅವಳ ಕೈಗೆ ಹಾರಿದ್ದು. ಇದನ್ನು ಅವಳ ಮನೆಗೆ ಹೋಗಿ ಹೇಳಿದೆ. ಅವಳು ತಲೆಯಾಡಿಸಿ, "ಅದು ಕೈಗೆ ಯಾಕ್ ಬಂತು ಅನ್ನೋದು ಆತು. ಮುರಿದದ್ದು ಯಾಕೆ?" ಎಂದು ಮತ್ತೆ ಅಲ್ಲಿಗೇ ತಂದು ನಿಲ್ಲಿಸಿದಳು.

ಶುಕ್ರವಾರ ಅಳೆದೆ, ಹತ್ತು. ಶನಿವಾರ, ಹತ್ತು. ತಗಡಿನ ಮಾಡು ಕಾದರೆ ಬದಲಾಗಬಹುದೆಂದು ಬಿರುಬಿಸಿಲಿನಲ್ಲೂ ಅಳೆದೆ. ಒಂದು ಅಂಕಿಯಷ್ಟೂ ಹೆಚ್ಚಲಿಲ್ಲ. ಭಾನುವಾರ ಸಂಜೆಯೂ ಹತ್ತೇ. ಸೋಮವಾರ ಹೊಸದುರ್ಗಕ್ಕೆ ಹೋಗಿ ಬಂದೆ. ಮಂಗಳವಾರ ಬೆಳಿಗ್ಗೆ ಕ್ಯಾಲಿಪರ್ ಕಚ್ಚಿಸಿ ಹಿಡಿಕೆ ಬಿಚ್ಚುತ್ತ ಹೋದೆ. ಹತ್ತರಲ್ಲಿ ನಿಲ್ಲಬೇಕಾದದ್ದು ನಿಲ್ಲಲಿಲ್ಲ. ಹನ್ನೆರಡು, ಹದಿನಾಲ್ಕು. ಹದಿನಾರಕ್ಕೆ ಬಂದು ಬ್ಲೇಡು ಸಡಿಲವಾಯಿತು.

ಭಾನುವಾರ ಸಂಜೆಯಿಂದ ಮೋಟಾರು ಹಾಕಿರಲಿಲ್ಲ, ಹಿಡಿಕೆ ಮುಟ್ಟಿರಲಿಲ್ಲ, ಬಿಗಿ ಮಾತ್ರ ಏರಿತ್ತು. ಮುರಿದ ಮೂರನ್ನೂ ನೆನಪು ಮಾಡಿಕೊಂಡೆ. ಮೊದಲನೆಯದು ಮುರಿದದ್ದು ನನ್ನ ಗಂಡ ತಾನು ಕೆಲಸ ಮಾಡುವ ಸಿರಿಗೆರೆಯ ಶಾಲೆಗೆ ಹೊರಟು ಬಸ್ಸು ತಪ್ಪಿಸಿಕೊಂಡು ವಾಪಸು ಬಂದ ದಿನ, ಮಂಗಳವಾರ. ಎರಡನೆಯದು, ಮೂರನೆಯದು, ಅವೂ ಮಂಗಳವಾರ. ದೇವರು ದೆವ್ವ ಎಂದು ತಲೆ ಕೆಡಿಸಿಕೊಳ್ಳುವವಳಲ್ಲ ನಾನು. ಆದರೂ ಆ ಬೆಳಿಗ್ಗೆ ಬಿಸಿಲು ಬರುವ ತನಕ ಕೊಟ್ಟಿಗೆಯೊಳಗೆ ನಿಲ್ಲಲಾಗದೆ ಹೊರಗೆ ಬಂದು ನಿಂತೆ.

ಚಿತ್ರದುರ್ಗಕ್ಕೆ ಫೋನ್ ಮಾಡಿದೆ. ಹಿರಿಯರು ಅಂಕಿಗಳನ್ನು ಎರಡು ಸಲ ಹೇಳಿಸಿಕೊಂಡರು.

"ಮುಳ್ಳು ಎಷ್ಟು ಏರಿತ್ತು?"

"ಏರಿದ್ದೇ ಗೊತ್ತಾಗಲಿಲ್ಲ. ಬಿಚ್ಚೋಕೆ ಮುಂಚೆ ಕೊನೆಗೆರೆ ಹತ್ರ ನಿಂತಿತ್ತು."

"ಹಂಗಾದ್ರೆ ಸ್ಪ್ರಿಂಗ್ ಪೂರ್ತಿ ಕುಗ್ಗಿ ಸುರುಳಿಗೆ ಸುರುಳಿ ತಾಗೈತೆ. ಅದರ ಮೇಲೆ ತಿರುವಿದ್ದೆಲ್ಲ ನೇರ ಬ್ಲೇಡಿಗೇ ಹೋಗ್ತದೆ, ಮುಳ್ಳಿಗೆ ಗೊತ್ತಾಗಲ್ಲ." ಆಮೇಲೆ ಅಂದರು, "ಅಮ್ಮಾ, ನಲವತ್ತು ವರ್ಷದಿಂದ ನೋಡ್ತಾ ಇದೀನಿ. ಯಂತ್ರ ತಾನಾಗೇ ಸಡಿಲ ಆಗ್ತದೆ. ತಾನಾಗೇ ಬಿಗಿ ಆಗಲ್ಲ. ಅಲ್ಲಿ ಯಾರ್ದೋ ಕೈ ಐತೆ."

ಆ ಕೊಟ್ಟಿಗೆಗೆ ಬರುವವರು ಯಾರು? ಮೊದಲು ಬಂದ ಯೋಚನೆಯನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಹೆಂಗಸು ಯಂತ್ರ ಇಟ್ಟುಕೊಂಡದ್ದು ಸಹಿಸದ ಯಾರೋ ಊರಿನವರು ಹಿತ್ತಲಿನಿಂದ ಬಂದು ಮಾಡುತ್ತಿದ್ದಾರೆ ಎಂದುಕೊಂಡೆ. ಮನಸ್ಸಿನಲ್ಲೇ ಮೂರು ಮನೆಗಳನ್ನು ಗುರುತು ಮಾಡಿದೆ. ಚಿತ್ರದುರ್ಗದಲ್ಲಿ ಆದ ಅವಮಾನ ಇನ್ನೂ ಹಸಿಯಾಗಿದ್ದುದರಿಂದ ಯಾರ ಬಾಗಿಲಿಗೂ ಹೋಗಲಿಲ್ಲ. ಈ ಸಲ ಕಣ್ಣಾರೆ ನೋಡದೆ ಬಾಯಿ ಬಿಡಬಾರದು ಎಂದು ನಿರ್ಧರಿಸಿದೆ. ಬ್ಲೇಡನ್ನು ಮತ್ತೆ ಹತ್ತಕ್ಕೆ ಇಟ್ಟು ವಾರವಿಡೀ ಅಳೆದೆ. ಹತ್ತು, ಹತ್ತು, ಹತ್ತು. ಕಳೆದ ಭಾನುವಾರ ಸಂಜೆಯಿಂದ ಮಂಗಳವಾರ ಬೆಳಗಿನೊಳಗೆ ಆದದ್ದು, ಈ ಸಲವೂ ಅಷ್ಟರೊಳಗೇ ಆಗಬೇಕು.

ಸೋಮವಾರ ಎಂದಿನಂತೆ ಚೀಲ ಹಿಡಿದು ಬಸ್ ಸ್ಟ್ಯಾಂಡಿಗೆ ಹೋದೆ. ಬಸ್ಸು ಬಂತು, ಹತ್ತಲಿಲ್ಲ. ಕೆರೆ ಕಡೆಯ ದಾರಿಯಿಂದ ಹಿತ್ತಲಿಗೆ ಬಂದು, ಕೊಟ್ಟಿಗೆಯ ಹಿಂಗೋಡೆಯ ಪಕ್ಕ ಮರದ ದಿಮ್ಮಿಗಳ ಮರೆಯಲ್ಲಿ ಕುಳಿತೆ. ಗೋಡೆಗೆ ಗಾಳಿಗೆಂದು ಬಿಟ್ಟ ಕಿಂಡಿಯಿಂದ ಯಂತ್ರ ಕಾಣುತ್ತಿತ್ತು.

ಬಂದವರು ಮಾವ.

ಸ್ನಾನ ಮಾಡಿ, ಮಡಿ ಪಂಚೆ ಉಟ್ಟು, ಹಣೆಗೆ ವಿಭೂತಿ ಧರಿಸಿ ಬಂದಿದ್ದರು. ಕೈಯಲ್ಲಿ ಒಂದು ವಿಭೂತಿ ಗಟ್ಟಿ, ಒಂದು ಹೂವು. ಯಂತ್ರದ ಮೇಲಿನ ಧೂಳನ್ನು ವಲ್ಲಿಯಿಂದ ಒರೆಸಿದರು. ಮೇಲಿನ ಚಕ್ರದ ಮುಚ್ಚಳದ ಮೇಲೆ ಮೂರು ಬೆರಳಿನಲ್ಲಿ ಮೂರು ಗೆರೆ ಎಳೆದರು, ಹೂವಿಟ್ಟರು. ಹಿಂದೆ ಎತ್ತುಗಳ ಹಣೆಗೂ ಹೀಗೆಯೇ ಎಳೆಯುತ್ತಿದ್ದರು. ಆಮೇಲೆ ಹಿಡಿಕೆಗೆ ಕೈ ಹಾಕಿ ಬಿಚ್ಚತೊಡಗಿದರು. ಒಂದು, ಎರಡು, ಮೂರು ಎಂದು ಗಟ್ಟಿಯಾಗಿಯೇ ಎಣಿಸಿದರು. ಎಂಟಕ್ಕೆ ಬ್ಲೇಡು ಸಡಿಲವಾಯಿತು. "ಇವತ್ತೊಂದ್ ದಿನ ಆರಾಮ್ ಮಾಡಪ್ಪ" ಎಂದು ಯಂತ್ರದ ಬೆನ್ನು ತಟ್ಟಿ ಹೋದರು.

ಗಾಯಕ್ಕೆ ತಮ್ಮ ವಲ್ಲಿ ಸುತ್ತಿದ ಮನುಷ್ಯ. ಆದರೆ ಅವರು ಮಾಡಿದ್ದು ಬಿಚ್ಚುವುದು. ನನಗೆ ಸಿಗಬೇಕಾಗಿದ್ದವನು ಬಿಗಿಯುವವನು. ಎಂಟು ಬಿಚ್ಚಿ ಎಂಟು ಬಿಗಿದರೆ ಹತ್ತು ಹತ್ತಾಗಿಯೇ ಉಳಿಯಬೇಕಲ್ಲ? ಬಿಸಿಲೇರಿತು, ಹಸಿವಾಯಿತು, ಕಾಲು ಜೋಮು ಹಿಡಿಯಿತು. ನಾನು ಏಳಲಿಲ್ಲ.

ನನ್ನ ಸಂಜೆಯ ಬಸ್ಸು ಬರುವುದಕ್ಕೆ ಸ್ವಲ್ಪ ಮುಂಚೆ ಅವರು ಮತ್ತೆ ಬಂದರು. ಹೂವು ತೆಗೆದು ಕಣ್ಣಿಗೊತ್ತಿಕೊಂಡರು. ಹಿಡಿಕೆ ಹಿಡಿದು ಮೊದಲ ಸುತ್ತು ತಿರುವುತ್ತ, ರಾಗಿ ಅಳೆಯುವ ಅದೇ ದನಿಯಲ್ಲಿ ಅಂದರು.

"ಲಾಭ."

ಎರಡನೆಯ ಸುತ್ತಿಗೆ "ಒಂದು" ಅಂದರು. ಮೂರನೆಯದಕ್ಕೆ "ಎರಡು."

ನಾನು ಕಿಂಡಿಯ ಅಂಚನ್ನು ಹಿಡಿದುಕೊಂಡೆ. ನಮ್ಮ ಮನೆಯಲ್ಲಿ ಕಾಳು ಅಳೆಯುವಾಗ ಮೊದಲ ಸೇರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬೇರೆ ಎಷ್ಟೋ ಮನೆಗಳಲ್ಲಿ ಒಂದು ಎನ್ನುವ ಬದಲು ಲಾಭ ಎಂದು, ಮುಂದೆ ಎರಡು ಎನ್ನುತ್ತಾರೆ. ನಮ್ಮಲ್ಲಿ ಹಾಗಲ್ಲ. ಲಾಭದ ಸೇರು ಬೇರೆ, ಅದು ಪಡೆಯುವವರಿಗೆ ಹೆಚ್ಚಿಗೆ ಹೋಗುವ ಸೇರು. ಒಂದು ಶುರುವಾಗುವುದು ಅದರ ಮೇಲೆ. ಕೊಡುವಾಗ, ತುಂಬುವಾಗ, ಏರಿಸುವಾಗ ಮಾತ್ರ ಲಾಭ. ತೆಗೆಯುವಾಗ ಲಾಭವಿಲ್ಲ, ನೇರ ಒಂದರಿಂದಲೇ ಎಣಿಕೆ. ಮಾವ ಬೆಳಿಗ್ಗೆ ತೆಗೆದಿದ್ದರು, ಈಗ ತುಂಬುತ್ತಿದ್ದರು.

"ಎಂಟು" ಎಂದಾಗ ಅವರು ಒಂಬತ್ತು ಸುತ್ತು ತಿರುವಿದ್ದರು.

ವಾರಕ್ಕೊಂದು ಸುತ್ತು. ನಾಲ್ಕು ಸೋಮವಾರಕ್ಕೆ ನಾಲ್ಕು. ಮಂಗಳವಾರ ನಾನು ಬಂದು ಸ್ವಿಚ್ಚು ಹಾಕುತ್ತಿದ್ದೆ.

ಕೊಟ್ಟಿಗೆಯ ಬಾಗಿಲಲ್ಲಿ ನನ್ನನ್ನು ಕಂಡು ಅವರು ಬೆಚ್ಚಿದರು. "ಬಸ್ಸು ಇಷ್ಟ್ ಬೇಗ ಬಂತೇನವ್ವ?" ಅಂದರು. ಆಮೇಲೆ ನನ್ನ ಸೀರೆಗೆ ಹತ್ತಿದ ಮರದ ಪುಡಿ ನೋಡಿ, ಕದ್ದು ಸಿಕ್ಕಿಬಿದ್ದ ಮಗುವಿನಂತೆ ನಕ್ಕರು. "ನಿಂಗೆ ಗೊತ್ತಾದ್ರೆ ನಗ್ತೀಯ ಅಂತ ಹೇಳಿರ್ಲಿಲ್ಲ. ವಾರ ಎಲ್ಲ ಹೂಡೇ ಇರ್ತೀಯ ಅದನ್ನ. ಅದೂ ದುಡಿಯೋ ಜೀವ ಅಲ್ಲೇನವ್ವ?"

ಹೇಳಬೇಕೇ, ಬೇಡವೇ? ಅಷ್ಟು ಹೊತ್ತಿಗೆ ನನ್ನ ಸಿಟ್ಟು ಎಲ್ಲಿ ಹೋಗಿತ್ತೋ ಗೊತ್ತಿಲ್ಲ. ನಾಳೆಯಿಂದ ಹಿಡಿಕೆಗೊಂದು ಬೀಗ ಹಾಕಿ ಸುಮ್ಮನಾಗಬಹುದಿತ್ತು. ಎಂಬತ್ತರ ಹತ್ತಿರದ ಜೀವಕ್ಕೆ ಇದೊಂದು ಭಾರ ಯಾಕೆ? ಆದರೆ ಅವಳು ಕೇಳಿದ್ದ ಪ್ರಶ್ನೆಗೆ ನಾನು ಉತ್ತರ ಕೊಡಬೇಕಾಗಿತ್ತು. ಸ್ಪ್ರಿಂಗ್ ಕೆಟ್ಟಿತ್ತು ಎಂದು ಅವಳಿಗೆ ಸುಳ್ಳು ಹೇಳಿ, ಆ ಸುಳ್ಳಿನ ಮುಂದೆ ಅವಳನ್ನು ಮತ್ತೆ ನಿಲ್ಲಿಸಲು ನನ್ನಿಂದ ಆಗುತ್ತಿರಲಿಲ್ಲ.

"ಮಾವ, ಇಲ್ಲಿ ಬರ್ರಿ" ಎಂದು ಕ್ಯಾಲಿಪರ್ ಕಚ್ಚಿಸಿದೆ. ಬಿಚ್ಚುತ್ತ ಹೋಗಿ, ಅಂಕಿ ಓದಿ ಹೇಳಿದೆ. ನಿನ್ನೆ ಹತ್ತಿತ್ತು, ಈಗ ಹದಿನಾರು. ಲಾಭದ ಸುತ್ತು ಎಲ್ಲಿ ಹೋಯಿತು ಎಂದು ತೋರಿಸಿದೆ. ಅವರು ಓದು ಬರಹ ಹೆಚ್ಚು ಕಂಡವರಲ್ಲ, ಆದರೆ ಬದುಕಿಡೀ ಅಳೆದವರು. ನಾನು ಪೂರ್ತಿ ಹೇಳುವ ಮೊದಲೇ ಅವರಿಗೆ ತಿಳಿಯಿತು. ಯಂತ್ರದ ಮೇಲಿದ್ದ ಕೈಯನ್ನು ಬೆಂಕಿ ತಾಗಿದಂತೆ ಹಿಂದಕ್ಕೆ ಎಳೆದುಕೊಂಡರು.

"ಆ ಹುಡುಗಿ ಕೈ..." ಅಂದರು.

ರಾತ್ರಿ ಅವರು ಊಟ ಮಾಡಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಮನೆಯಲ್ಲಿರಲಿಲ್ಲ. ಎಲ್ಲಿಗೆ ಹೋಗಿರಬಹುದೆಂದು ನನಗೆ ತಿಳಿಯಿತು, ಓಡಿದೆ. ಅವಳ ಮನೆಯ ಮುಂದೆ ಮಗ್ಗಕ್ಕೇರಿಸುವ ಉದ್ದೆಳೆಗಳ ಹಾಸು ಚಾಚಿ, ಮನೆಯವರೆಲ್ಲ ಹುಣಸೆ ಬೀಜದ ಗಂಜಿ ಸವರುತ್ತಿದ್ದರು. ಮಾವ ಹೊರಗೆ ನಿಂತೇ ಇದ್ದರು. ಯಾರು ಎಷ್ಟು ಹೇಳಿದರೂ ಕುಳಿತಿರಲಿಲ್ಲ. ನಮ್ಮ ಮಾವ ಹಾಗೆ ಒಬ್ಬರ ಅಂಗಳದಲ್ಲಿ ಕೈಕಟ್ಟಿ ನಿಂತದ್ದನ್ನು ಮದುವೆಯಾಗಿ ಬಂದಾಗಿನಿಂದ ನಾನು ನೋಡಿರಲಿಲ್ಲ.

"ನಾ ಜಾಸ್ತಿ ತಿರುವಿದ್ದು ನಿನ್ ಕೈಗೆ ಬಿತ್ತವ್ವ. ನಂಗೆ ಗೊತ್ತಿರ್ಲಿಲ್ಲ. ಗೊತ್ತಿರ್ಲಿಲ್ಲ ಅಂದ್ರೆ ಗಾಯ ಮಾಯಲ್ಲ, ಅದೂ ಗೊತ್ತು" ಎನ್ನುತ್ತಿದ್ದರು.

ಅವಳು ನನ್ನ ಕಡೆ ನೋಡಿದಳು. ನಾನು ಹೌದೆಂದು ತಲೆಯಾಡಿಸಿ, ಎಂಟು ಒಂಬತ್ತರ ಕಥೆ ಹೇಳಿದೆ. ಕಂಬಳಿ ಹಾಸಿನಲ್ಲಿ ಒಂದು ಎಳೆ ಹೆಚ್ಚು ಬಿಗಿಯಾದರೆ ಏನಾಗುತ್ತದೆ ಎಂದು ಅವಳಿಗೆ ನಾನು ಹೇಳಿಕೊಡಬೇಕಾಗಿರಲಿಲ್ಲ. ಹೊಲಿಗೆ ಬಿಚ್ಚಿದ ಗುರುತಿನ ಮೇಲೆ ಅವಳ ಬೆರಳು ಓಡಾಡುತ್ತಿತ್ತು.

"ಹಂಗಾದ್ರೆ ಯಾಕೆ ಅನ್ನೋದು ಗೊತ್ತಾತು" ಅಂದಳು ಕೊನೆಗೆ. "ಅಜ್ಜಾ, ಕುಂತ್ಕಳ್ರಿ. ನೀವ್ ನಿಂತ್ರೆ ನಮಗ್ ಕೈ ಓಡಲ್ಲ."

ಮಾರನೆಯ ದಿನ ಅವಳು ಕೆಲಸಕ್ಕೆ ಬಂದಳು. ನಾನು ಮೊದಲು ಫೋನ್ ಮಾಡಿದ್ದು ಚಿತ್ರದುರ್ಗಕ್ಕೆ. ಹಿರಿಯರು ಕಥೆ ಕೇಳಿ ನಗುತ್ತಾರೆಂದುಕೊಂಡಿದ್ದೆ. "ನಿಮ್ ಮಾವಗೆ ನನ್ ಸಲಾಮ್ ಹೇಳ್ರಿ" ಅಂದರು. "ಕೆಲಸ ಮುಗಿದ ಮೇಲೆ ಬ್ಲೇಡ್ ಬಿಚ್ಚಿಡ್ಬೇಕು, ದಿನಾ. ಸ್ಪ್ರಿಂಗಿಗೂ ಒಳ್ಳೇದು, ಚಕ್ರದ ರಬ್ಬರಿಗೂ ಒಳ್ಳೇದು. ನಾ ನಿಮಗೆ ಹೇಳೋದು ಮರ್ತೆ. ನಿಮ್ ವರ್ಕ್‌ಶಾಪಲ್ಲಿ ಆ ಕೆಲಸ ಸರಿ ಮಾಡ್ತಿದ್ದವರು ಅವರೊಬ್ಬರೇ." ನಾನು ಆರು ದಿನ ಬಿಗಿದೇ ಬಿಡುತ್ತಿದ್ದೆ. ಏಳನೆಯ ದಿನ ಅದಕ್ಕೆ ಬಿಡುವು ಕೊಟ್ಟವರನ್ನು ನಾನು ಕಳ್ಳನಂತೆ ಕಾದು ಹಿಡಿದಿದ್ದೆ. ಆ ಮಾತು ನನ್ನನ್ನು ಬ್ಲೇಡು ಮುರಿದಷ್ಟೇ ಜೋರಾಗಿ ಹೊಡೆಯಿತು.

ಮಾವ ಹಿಡಿಕೆ ಮುಟ್ಟಲು ಒಪ್ಪಲೇ ಇಲ್ಲ. ನಾನು ಹೇಳಿದೆ, ಗಂಡ ಹೇಳಿದರು, ಕೇಳಲಿಲ್ಲ. ಅವಳು ಒಂದು ಸಂಜೆ ಯಂತ್ರ ನಿಲ್ಲಿಸಿ, ಅಂಗಳಕ್ಕೆ ಹೋಗಿ, "ಅಜ್ಜಾ, ಬಿಚ್ಚೋ ಹೊತ್ತಾತು" ಎಂದು ಕರೆದಳು. ಬಂದರು. ಈಗ ದಿನವೂ ಬಿಚ್ಚುವುದು ಅವರ ಕೆಲಸ. ಬೆಳಿಗ್ಗೆ ಬಿಗಿಯುವುದು ನಾನು, ಅಂಕಿ ಓದುವುದು ಅವಳು. ಕ್ಯಾಲಿಪರ್ ಈಗ ನಮ್ಮದೇ ಇದೆ, ಹಿರಿಯರದನ್ನು ನಾನೇ ಹೋಗಿ ಕೊಟ್ಟು, ಅಂದು ಬಾಯಿಂದ ಹೊರಡದ ಕ್ಷಮೆಯನ್ನೂ ಕೇಳಿ ಬಂದೆ. ಬಿಗಿಯುವಾಗ ಮಾವ ಬಾಗಿಲಲ್ಲಿ ನಿಂತಿರುತ್ತಾರೆ. ಅವಳು "ಹತ್ತು" ಎನ್ನುವ ತನಕ ಅಲ್ಲಿಂದ ಕದಲುವುದಿಲ್ಲ. ಆ ನಾಲ್ಕನೆಯ ಬ್ಲೇಡು ಮುರಿಯಲಿಲ್ಲ, ಹಲ್ಲು ಮೊಂಡಾಗಿ ತಾನಾಗಿ ನಿವೃತ್ತಿಯಾಯಿತು.

ಆ ಸಲದ ರಾಗಿ ಬಂದಾಗ ಅವಳ ಮನೆಗೆಂದು ಇಪ್ಪತ್ತು ಸೇರು ಅಳೆಯಬೇಕಿತ್ತು. ಕೊಟ್ಟಿಗೆಯ ಮೂಲೆಯಲ್ಲಿ ಅವಳು ಚೀಲದ ಬಾಯಿ ಹಿಡಿದು ಕುಳಿತಳು. ಮಾವ ಸೇರು ತುಂಬಿ, ತಲೆ ಸವರಿ ಎತ್ತಿದರು. ಎತ್ತಿದ ಕೈ ಚೀಲದ ಮೇಲೆ ಹಾಗೆಯೇ ನಿಂತಿತು. ಅವರ ಕಣ್ಣು ಅವಳ ಎಡಗೈಯ ಗೆರೆಯ ಮೇಲಿತ್ತು. ಆಮೇಲೆ ತಗ್ಗಿದ ದನಿಯಲ್ಲಿ ಅಂದರು.

"ಒಂದು."

ನಾನು ಕೈಯಲ್ಲಿದ್ದ ಲಾಳಿ ಕೆಳಗಿಟ್ಟೆ. ನಮ್ಮ ಮನೆಯಲ್ಲಿ ಕೊಡುವ ಅಳತೆ ಒಂದರಿಂದ ಶುರುವಾದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅವಳು ಚೀಲದ ಬಾಯಿಯನ್ನು ಮುಚ್ಚಿ ಹಿಡಿದಳು. ರಾಗಿ ಬೀಳಲು ಬಿಡಲಿಲ್ಲ.

"ಅಜ್ಜಾ, ಬ್ಲೇಡಿಗೆ ಬ್ಯಾಡ ಅಂದಿದ್ದು. ನಮ್ ರಾಗಿಗ್ಯಾಕೆ ಬ್ಯಾಡ?" ಅಂದಳು. "ಲಾಭ ಅಂದು ಹಾಕ್ರಿ. ಆಮೇಲೆ ಒಂದು."

ಅವಳು ಚೀಲದ ಬಾಯಿ ಬಿಚ್ಚಿ ಹಿಡಿದು ಕಾಯುತ್ತಿದ್ದಳು. ಮಾವ "ಲಾಭ" ಅಂದರು, ಸೇರು ಬಗ್ಗಿಸಿದರು.